ಗೇಟಿನ ಕ್ಯಾಮೆರಾ ನೆರೆಹೊರೆ ಕಟ್ಟೀತೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಂದ ಒಂದು ಕೊರಗು ಕೇಳಿಬರುತ್ತಿದೆ. ವರ್ಷಗಟ್ಟಲೆ ಒಂದೇ ಮಹಡಿಯಲ್ಲಿದ್ದರೂ ಎದುರು ಬಾಗಿಲಿನವರ ಹೆಸರು ಗೊತ್ತಿಲ್ಲವೆಂಬುದೇ ಆ ಕೊರಗು. ಅದು ಸುಳ್ಳಲ್ಲ. ಆದರೆ ಅದಕ್ಕೆ ಅಲ್ಲಿನ ಸಂಘಗಳು ಕಂಡುಕೊಂಡ ಮದ್ದೇನು? ಹಬ್ಬಕ್ಕೊಂದು ಊಟ, ಊಟದ ಕೊನೆಗೊಂದು ಗುಂಪು ಫೋಟೋ. ಫೋಟೋದಲ್ಲಿ ಮನೆಯೊಡೆಯರು ನಗುತ್ತ ನಿಂತಿರುತ್ತಾರೆ. ಅದೇ ಕಟ್ಟಡದಲ್ಲಿ ದಿನವೂ ಪಾತ್ರೆ ತೊಳೆಯುವ, ಕಸ ಎತ್ತುವ, ಮಗು ಆಡಿಸುವ ಹೆಣ್ಣುಮಗಳ ಫೋಟೋವನ್ನೂ ತೆಗೆದಿರುತ್ತಾರೆ. ಆದರೆ ಗೇಟಿನ ಬಳಿ, ಗುರುತಿನ ಚೀಟಿಗೆಂದು. ಒಂದು ಫೋಟೋ ನೆರೆಯವರದು, ಇನ್ನೊಂದು ಶಂಕಿತರದು. ಈ ಭೇದ ಅಳಿಯದೆ ಅಲ್ಲಿ ನೆರೆಹೊರೆ ಹುಟ್ಟದು ಎಂಬುದು ನಮ್ಮ ವಾದ.

ದೋಷ ಕ್ಯಾಮೆರಾದ್ದಲ್ಲ, ಅದನ್ನು ಹಿಡಿದವರ ಮನೋಭಾವದ್ದು. ಅಮೆರಿಕದ ಎರಡು ನಿದರ್ಶನಗಳನ್ನು ಓದುಗರ ಮುಂದಿಡುತ್ತೇವೆ.

ನ್ಯೂಯಾರ್ಕಿನ ಕಲಾವಿದ ಆರ್ನಿ ಸ್ವೆನ್ಸನ್ ತನ್ನ ಕಿಟಕಿಯ ಹಿಂದೆ ನಿಂತು, ಎದುರಿನ ಗಾಜಿನ ಗೋಡೆಯ ಅಪಾರ್ಟ್‌ಮೆಂಟಿನ ಜನರ ಚಿತ್ರಗಳನ್ನು ಅವರಿಗರಿವಿಲ್ಲದೆ ತೆಗೆದ. ಬಳಸಿದ್ದು ಹಕ್ಕಿ ವೀಕ್ಷಿಸುತ್ತಿದ್ದ ಗೆಳೆಯನಿಂದ ಬಂದ ದೂರದ ಲೆನ್ಸು. 2013ರಲ್ಲಿ ಆ ಚಿತ್ರಗಳು ಪ್ರದರ್ಶನಕ್ಕೂ ಮಾರಾಟಕ್ಕೂ ಬಂದವು. ಒಂದು ಕುಟುಂಬ ದಾವೆ ಹೂಡಿತು. ಕಲೆಗೆ ರಕ್ಷಣೆಯಿದೆ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಲಾವಿದನ ಪರವಾಗಿ ತೀರ್ಪಿತ್ತಿತು. ಕಾನೂನಿನ ಮಾತು ಹಾಗಿರಲಿ. ಹಕ್ಕಿಯನ್ನು ನೋಡುವಂತೆ ನೆರೆಯವನನ್ನು ನೋಡಿದವನು ನೆರೆಯವನಾಗಲಾರ.

ಇನ್ನೊಬ್ಬರು ಬಫಲೋ ನಗರದ ಮಿಲ್ಟನ್ ರೊಗೋವಿನ್. ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವುದು ಅವರ ವೃತ್ತಿ. ಎಡಪಂಥೀಯರೆಂಬ ಕಾರಣಕ್ಕೆ 1957ರಲ್ಲಿ ಅಮೆರಿಕದ ಸಂಸದೀಯ ವಿಚಾರಣಾ ಸಮಿತಿ ಅವರನ್ನು ಕರೆಸಿತು, ಪತ್ರಿಕೆ ಅವರನ್ನು ಕೆಂಪನೆಂದು ಜರಿಯಿತು, ವ್ಯಾಪಾರ ಕುಸಿಯಿತು. ಅವರು ಕ್ಯಾಮೆರಾ ಕೈಗೆತ್ತಿಕೊಂಡರು. 1972ರಿಂದ ನಗರದ ಲೋಯರ್ ವೆಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ ಅಡ್ಡಾಡಿ, ಕೇಳಿ ಒಪ್ಪಿಗೆ ಪಡೆದು ಚಿತ್ರ ತೆಗೆದರು. ಹೇಗೆ ನಿಲ್ಲಬೇಕೆಂಬುದನ್ನು ಜನರಿಗೇ ಬಿಟ್ಟರು. ಪ್ರತಿಯನ್ನು ಅವರ ಕೈಗೇ ಕೊಟ್ಟರು. 1980ರ, 1990ರ ದಶಕಗಳಲ್ಲಿ, ಮತ್ತೆ 2000ದ ನಂತರವೂ ಅದೇ ಜನರನ್ನು ಹುಡುಕಿಕೊಂಡು ಹೋದರು. ಮೂವತ್ತು ವರ್ಷಗಳಲ್ಲಿ ಮಕ್ಕಳು ಬೆಳೆದಿದ್ದರು, ಕೆಲವರು ತೀರಿಕೊಂಡಿದ್ದರು. 2011ರಲ್ಲಿ, 101ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಸರ್ಕಾರದ ಶಂಕೆಗೆ ಗುರಿಯಾದವರೇ ಜನರನ್ನು ಶಂಕೆಯಿಲ್ಲದೆ ನೋಡುವುದು ಹೇಗೆಂದು ತೋರಿಸಿಕೊಟ್ಟರು.

ನಮ್ಮ ಗೇಟಿನ ಕ್ಯಾಮೆರಾ ಇವರಲ್ಲಿ ಯಾರ ಜಾತಿಗೆ ಸೇರಿದ್ದು? ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತು ಮಹಡಿ ಏರಿಸುತ್ತಾರೆ. ಮನೆಗಳು ತುಂಬಿದ ಮೇಲೆ ಅಂಥವರ ಹೆಂಡಿರು ಮಕ್ಕಳು ಕೆಲಸ ಕೇಳಿಕೊಂಡು ಬಂದರೆ ಮುಖ ತೋರಿಸಿ, ಸಹಿ ಹಾಕಿ, ಹಲವೆಡೆ ಬೇರೆ ಲಿಫ್ಟಿನಲ್ಲೇ ಹತ್ತಬೇಕು. ಆ ಫೋಟೋ ಯಾರ ಬಳಿ ಇರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಆಕೆಗೆ ಹೇಳುವವರು ಯಾರು?

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಮನೆಯೊಡತಿಗೆ ಮಾತ್ರವೋ, ಮನೆಗೆಲಸದವಳಿಗೂ ಉಂಟೋ?

ಕಳ್ಳರ ಭಯವಿಲ್ಲವೆ ಎಂದು ಕೇಳುವವರಿದ್ದಾರೆ. ಕಾವಲು ಬೇಡವೆಂದು ನಾವು ಹೇಳುತ್ತಿಲ್ಲ. ದುಡಿಯುವವರನ್ನಷ್ಟೇ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಕಾವಲಲ್ಲ, ವರ್ಗದ ಅಹಂಕಾರ. ಹಳೆಯ ವಠಾರಕ್ಕೆ ಮರಳಿರೆಂದೂ ನಾವು ಹೇಳುವುದಿಲ್ಲ. ವಠಾರದ ನಲ್ಲಿಯ ಬಳಿ ಸಲಿಗೆಯಿತ್ತು. ಜಾತಿ ಕೇಳಿ ಮನೆ ಕೊಡುವ ಪದ್ಧತಿಯೂ ಇತ್ತು. ಆ ಪದ್ಧತಿ ಇಂದಿಗೂ ಸತ್ತಿಲ್ಲ.

ಕಾನೂನಿನಲ್ಲೂ ಕೊರತೆಯಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಲ್ಲಿ ಸಂಘವೆಂದರೆ ಒಡೆಯರ ಸಂಘ. ಬಾಡಿಗೆದಾರರಿಗೆ ಅದರಲ್ಲಿ ಸ್ಥಾನವಿಲ್ಲ. ದುಡಿಯುವವರ ಮಾತಂತೂ ದೂರ. ಆಸ್ತಿಪತ್ರವಿದ್ದವರು ಮಾತ್ರ ಕೂಡಿದರೆ ಅದು ಪಾಲುದಾರರ ಸಭೆಯಾದೀತೇ ಹೊರತು ನೆರೆಹೊರೆಯಾಗದು.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಸಂಘದ ಸಭೆಯಲ್ಲಿ ಬಾಡಿಗೆದಾರರಿಗೂ ಕೆಲಸಗಾರರ ಪ್ರತಿನಿಧಿಗಳಿಗೂ ಸ್ಥಾನವಿರಲಿ. ಲಿಫ್ಟು ಎಲ್ಲರಿಗೂ ಒಂದೇ ಆಗಲಿ. ಫೋಟೋ ತೆಗೆಯುವ ಮುನ್ನ ಕಾರಣ ಹೇಳಿ ಒಪ್ಪಿಗೆ ಕೇಳಲಿ; ಕೆಲಸ ಬಿಟ್ಟವರ ಚಿತ್ರವನ್ನು ಅಳಿಸಲಿ.

ಜಿಲ್ಲಾ ಪಟ್ಟಣಗಳಲ್ಲೂ ಬಹುಮಹಡಿಗಳು ಏಳುತ್ತಿವೆ. ರಾಜಧಾನಿಯ ಈ ರೋಗ ಇಲ್ಲಿ ಬೇರುಬಿಡುವ ಮೊದಲೇ ನಾವು ಎಚ್ಚರಗೊಳ್ಳಬೇಕು. ಮುಂದಿನ ಹಬ್ಬದ ಗುಂಪು ಫೋಟೋಕ್ಕೆ ಅಡುಗೆಯವರನ್ನೂ ಕಾವಲುಗಾರರನ್ನೂ ಕರೆಯಿರಿ. ಹೆಸರು ಹಿಡಿದು ಕರೆಯಿರಿ. ಹೆಸರೇ ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಕೇಳಿ ತಿಳಿಯಿರಿ.