ದಾರಿ ತಪ್ಪುವ ನೆನಪು

"ಅಜ್ಜ, ಬೆಳಿಗ್ಗೆ ಎಂತ ತಿಂದದ್ದು?" ನಮ್ಮೂರು ನೆಲ್ಯಾಡಿ ಕಡೆ ವಯಸ್ಸಾದವರನ್ನು ನೋಡಲು ಬಂದವರು ಪ್ರೀತಿಯಿಂದಲೇ ಹೀಗೆ ಕೇಳುತ್ತಾರೆ. ಮರೆವಿನ ಕಾಯಿಲೆ ಹಿಡಿದವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಕಾಡು ಸವರಿ ರಬ್ಬರ್ ಗಿಡ ನೆಟ್ಟ ಕಾಲದ ಕತೆಯನ್ನು ಎಳೆಎಳೆಯಾಗಿ ಹೇಳುವ ಅಜ್ಜ, ಆಗಷ್ಟೇ ಉಂಡ ಗಂಜಿಯ ವಿಷಯಕ್ಕೆ ಬಂದರೆ ತಡವರಿಸುತ್ತಾರೆ. 'ಬೇಕಾದದ್ದೆಲ್ಲ ನೆನಪಿರುತ್ತದೆ' ಎಂದು ಮನೆಯವರು ಸಿಡುಕುತ್ತಾರೆ. ಅಜ್ಜ ನಾಟಕ ಮಾಡುತ್ತಿಲ್ಲ. ಹಳೆಯ ನೆನಪು ಉಳಿದು ಹೊಸದು ನಿಲ್ಲದಿರುವುದೇ ಈ ಕಾಯಿಲೆಯ ಲಕ್ಷಣ.

ಕಿವಿಯ ನೇರಕ್ಕೆ, ಮೆದುಳಿನ ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿ ಹಿಪೊಕ್ಯಾಂಪಸ್ ಇದೆ. ಅದಕ್ಕೆ ತಾಗಿಕೊಂಡಿರುವ ಪದರವೇ ಎಂಟೊರೈನಲ್ ಕಾರ್ಟೆಕ್ಸ್. ಕಂಡದ್ದು, ಕೇಳಿದ್ದು ಹೆಚ್ಚಾಗಿ ಈ ಪದರವನ್ನು ಹಾದು ಹಿಪೊಕ್ಯಾಂಪಸ್ ಸೇರಿದರೆ ಮಾತ್ರ ನೆನಪಾಗಿ ನೆಲೆಯೂರುತ್ತದೆ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಟೌ ಪ್ರೋಟೀನಿನ ಗಂಟುಗಳು ಮೊದಲು ಕಟ್ಟಿಕೊಳ್ಳುವ ಜಾಗಗಳಲ್ಲಿ ಈ ಪದರವೂ ಒಂದೆಂದು ಜರ್ಮನಿಯ ಬ್ರಾಕ್ ದಂಪತಿ 1991ರಲ್ಲಿ ತೋರಿಸಿಕೊಟ್ಟರು. ಹಳೆಯ ನೆನಪುಗಳು ಮೆದುಳಿನ ಬೇರೆ ಭಾಗಗಳಿಗೂ ಹರಡಿರುವುದರಿಂದ ಹೆಚ್ಚು ಕಾಲ ಬಾಳುತ್ತವೆ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27ರ ತರುಣನ ಅಪಸ್ಮಾರ ನಿಲ್ಲಿಸಲು ವೈದ್ಯರು ಎರಡೂ ಕಡೆಯ ಹಿಪೊಕ್ಯಾಂಪಸ್ ಮತ್ತು ಅದಕ್ಕೆ ತಾಗಿದ ಭಾಗಗಳನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಆಮೇಲೆ ಅವನಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ಉಳಿಯಲಿಲ್ಲ. ಆದರೂ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಚಿತ್ರ ಬರೆಯುವುದನ್ನು ಅವನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ. ಹಿಂದಿನ ದಿನ ಬರೆದದ್ದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಇದರಿಂದ ಕಂಡುಕೊಂಡ ಸತ್ಯ ದೊಡ್ಡದು: ಕೈಯ ಕಸುಬಿನ ನೆನಪಿಗೆ ಮೆದುಳಿನಲ್ಲಿ ಬೇರೆಯೇ ಜಾಗವಿದೆ. ಮರದ ತಿರುಳಿಗೆ ತಾಗದಂತೆ, ತೊಗಟೆಯನ್ನಷ್ಟೇ ಓರೆಯಾಗಿ ಸವರಿ ರಬ್ಬರ್ ಹಾಲು ಇಳಿಸುವ ಹದ ಟ್ಯಾಪಿಂಗ್ ಮಾಡಿದ ಕೈಗೆ ಎಷ್ಟೋ ಕಾಲ ಉಳಿದಿರುವುದು ಇದೇ ಕಾರಣಕ್ಕೆ. ಬೀಡಿ ಕಟ್ಟಿದ ಅಜ್ಜಿಯ ಬೆರಳಿಗೂ ಅಷ್ಟೇ.

ಎಂಟೊರೈನಲ್ ಪದರಕ್ಕೆ ಇನ್ನೊಂದು ಕೆಲಸವೂ ಇದೆ. ನಾವು ಎಲ್ಲಿದ್ದೇವೆ, ಮನೆ ಯಾವ ಕಡೆ ಎಂದು ಲೆಕ್ಕ ಇಡುವ ಕೋಶಗಳು ಇಲ್ಲಿವೆ; ಅವನ್ನು ಕಂಡುಹಿಡಿದ ಮೋಸರ್ ದಂಪತಿಗೆ ಜಾನ್ ಒ'ಕೀಫ್ ಜೊತೆ 2014ರ ನೊಬೆಲ್ ಬಂತು. ಗುರುತಿರುವ ದಾರಿಯಲ್ಲೇ ಕಳೆದುಹೋಗುವುದು ಕಾಯಿಲೆಯ ಮೊದಲ ಸೂಚನೆಗಳಲ್ಲಿ ಒಂದಾಗಿರುವುದು ಈ ಪದರ ಬೇಗ ಸೋಲುವುದರಿಂದಲೇ ಇರಬಹುದು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದಿಲ್ಲ, ನಡುವೆ ತೋಟ. ರಾಷ್ಟ್ರೀಯ ಹೆದ್ದಾರಿ 75ರ ಅಗಲೀಕರಣದಲ್ಲಿ ಮರ, ಅಂಗಡಿಗಳೆಂಬ ಹಳೆಯ ಗುರುತುಗಳೂ ಹೋದವು. ಸಂಜೆ ಪೇಟೆಗೆಂದು ಹೊರಟ ಅಜ್ಜ ತಡವಾದರೆ ಬೈಯುವ ಮೊದಲು ಇದನ್ನು ಯೋಚಿಸಬೇಕು.

ಭಾಷೆಯ ಮಾತೂ ಇದೆ. ಮನೆಯಲ್ಲಿ ತುಳು ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ ಕೇಳುವ ಊರು ಇದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆ ಕಾಣದವರಲ್ಲೂ ಹೀಗೆಯೇ. ತಡವಾಗುತ್ತದೆ, ತಪ್ಪುವುದಿಲ್ಲ. ಕಾಯಿಲೆ ಬಲಿತಾಗ ಹಲವರು ತಾಯಿನುಡಿಗೇ ಮರಳುತ್ತಾರೆ. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಅಜ್ಜಿಯ ಭಾಷೆಯಲ್ಲಿ ನಾಲ್ಕು ಮಾತು ಕಲಿತಿದ್ದರೆ ಎಷ್ಟು ಚೆಂದ.

ಆದ್ದರಿಂದ, ಸೋತಿರುವ ಭಾಗವನ್ನೇ ಪದೇ ಪದೇ ಪರೀಕ್ಷೆಗೆ ಒಡ್ಡುವುದು ಬೇಡ. 'ಗಂಜಿ ಉಂಡಾಯ್ತು ಅಜ್ಜ' ಎಂದು ನಾವೇ ಹೇಳೋಣ. ತೋಟದ ಕತೆ ಕೇಳೋಣ. ಕೈಗೆ ಒಗ್ಗಿದ, ಅಪಾಯವಿಲ್ಲದ ಕೆಲಸ ಕೊಡೋಣ. ಆದರೆ ವಯಸ್ಸಿನ ಅರಳುಮರಳು ಎಂದು ಸುಮ್ಮನಿರುವುದೂ ತಪ್ಪು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಗುರುತಿನ ದಾರಿಯಲ್ಲಿ ತಡಕಾಡುವುದು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಬಿಪಿ, ಶುಗರ್ ವಿಚಾರಿಸಲು ಮನೆಗೆ ಬರುವ ಆಶಾ ಕಾರ್ಯಕರ್ತೆಯರು ಈ ಎರಡು ಲಕ್ಷಣಗಳ ಬಗ್ಗೆಯೂ ಮನೆಯವರಲ್ಲಿ ಕೇಳುವ ವ್ಯವಸ್ಥೆ ಆಗಬೇಕು. ಹಾಗಾದರೆ ತೋಟದ ಒಳಗಿನ ಒಂಟಿ ಮನೆಯ ಮರೆವೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಗಮನಕ್ಕೆ ಬರುತ್ತದೆ.