ಬಾಗಿಲು ಯಾವ ಕಡೆಗೆ ತೆರೆಯಬೇಕು?

ಮನೆಯ ಮುಂಬಾಗಿಲು ಸಾಮಾನ್ಯವಾಗಿ ಒಳಗೆ ತೆರೆಯುತ್ತದೆ. ಆದರೆ ಸಿನಿಮಾ ಮಂದಿರ, ಸಭಾಂಗಣ, ದೊಡ್ಡ ಮಳಿಗೆಗಳಂಥ ಜನ ಸೇರುವ ಕಟ್ಟಡಗಳ ನಿರ್ಗಮನದ ಬಾಗಿಲು ಹೊರಗೆ ತೆರೆಯಬೇಕು. ಯಾಕಿರಬಹುದು?

ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲ್‌ನಲ್ಲಿ 1883ರ ಜೂನ್ 16ರಂದು ಮಕ್ಕಳಿಗಾಗಿ ಒಂದು ಪ್ರದರ್ಶನವಿತ್ತು. ಕೊನೆಯಲ್ಲಿ ಬಹುಮಾನ ಹಂಚುತ್ತಾರೆಂದು ಗೊತ್ತಾದೊಡನೆ ಮೇಲಂತಸ್ತಿನ ಮಕ್ಕಳು ಮೆಟ್ಟಿಲಿಳಿದು ಓಡಿದರು. ಕೆಳಗಿದ್ದ ಬಾಗಿಲು ಮಕ್ಕಳ ಕಡೆಗೇ ತೆರೆಯುವಂಥದು. ಒಬ್ಬೊಬ್ಬರೇ ಹೋಗಲೆಂದು ಸ್ವಲ್ಪವೇ ಸಂದು ಬಿಟ್ಟು ಅದಕ್ಕೆ ಅಗುಳಿ ಹಾಕಿದ್ದರು. ಅಗುಳಿ ಇದ್ದದ್ದೂ ಮಕ್ಕಳ ಕಡೆಗೇ. ಹಾಗಾಗಿ ಹೊರಗಿದ್ದ ದೊಡ್ಡವರಿಗೆ ಅದನ್ನು ತೆಗೆಯಲಾಗಲಿಲ್ಲ. ಬೆಂಕಿಯಿಲ್ಲ, ಹೊಗೆಯಿಲ್ಲ; ಆದರೂ 183 ಮಕ್ಕಳು ಉಸಿರುಗಟ್ಟಿ ಸತ್ತರು.

ಇದರ ಹಿಂದಿನ ಲೆಕ್ಕ ಸರಳ. ಬಾಗಿಲನ್ನು ತಿರುಗಿಸುವ ಪರಿಣಾಮ ಎಂದರೆ ಬಲ ಮತ್ತು ಕೀಲಿನಿಂದ ಅದಕ್ಕಿರುವ ದೂರ, ಇವೆರಡರ ಗುಣಲಬ್ಧ. ಬಾಗಿಲು ಒಳಗೆ ತೆರೆಯುವಂಥದು ಎಂದಿಟ್ಟುಕೊಳ್ಳಿ. ಕೀಲಿನಿಂದ 0.9 ಮೀಟರ್ ದೂರದ ಹಿಡಿಯನ್ನು ಒಬ್ಬಾತ 200 ನ್ಯೂಟನ್ ಬಲದಿಂದ ಎಳೆದರೆ ಪರಿಣಾಮ 180. ಹಿಂದಿನಿಂದ ಐದು ಜನ ತಲಾ 100 ನ್ಯೂಟನ್ ಬಲದಿಂದ ಒತ್ತಿದರೆ ಒಟ್ಟು 500. ಅದು ಬಾಗಿಲಿನ ನಡುವೆ, 0.45 ಮೀಟರ್ ದೂರದಲ್ಲಿ ಬಿದ್ದರೂ ಪರಿಣಾಮ 225. ಎಳೆಯುವವನು ಸೋಲುತ್ತಾನೆ. ಅದೇ ಬಾಗಿಲು ಹೊರಗೆ ತೆರೆಯುವುದಾದರೆ ಆ ನೂಕುಬಲವೇ ಅದನ್ನು ತೆರೆಯುತ್ತದೆ.

ಹೊರಗೆ ತೆರೆಯುವ ಬಾಗಿಲಿಗೂ ಚಿಲಕ ಹಾಕಿದ್ದರೆ? ಬ್ರಿಟನ್ನಿನ ರಾಬರ್ಟ್ ಬ್ರಿಗ್ಸ್ 1892ರಲ್ಲಿ ಇದಕ್ಕೊಂದು ಉಪಾಯದ ಪೇಟೆಂಟ್ ಪಡೆದರು. ಇಂದು ಅದರ ಸುಧಾರಿತ ರೂಪಗಳಲ್ಲಿ ಬಾಗಿಲಿನ ಒಳಬದಿಗೆ, ಸೊಂಟದೆತ್ತರದಲ್ಲಿ, ಅಡ್ಡಪಟ್ಟಿಯೊಂದಿರುತ್ತದೆ. ಅದನ್ನು ಒತ್ತಿದರೆ ಸಾಕು, ಚಿಲಕ ಬಿಡುತ್ತದೆ. ಕತ್ತಲಲ್ಲಿ ಹಿಡಿ ಹುಡುಕಬೇಕಿಲ್ಲ. ಕೈಯೇ ಬೇಕಿಲ್ಲ, ಮೈ ತಾಗಿದರೂ ಆದೀತು.

ಸುತ್ತುವ ಬಾಗಿಲಿನ ಕಥೆ ಬೇರೆ. ಅದನ್ನು ಎರಡೂ ಕಡೆಯಿಂದ ಜನ ಒಟ್ಟಿಗೆ ತಳ್ಳಿದರೆ ಬಲಗಳು ಒಂದನ್ನೊಂದು ರದ್ದು ಮಾಡಿ ಅದು ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 1942ರ ನವೆಂಬರ್ 28ರಂದು ಕೋಕೋನಟ್ ಗ್ರೋವ್ ಎಂಬ ರಾತ್ರಿ ಕ್ಲಬ್ಬಿಗೆ ಬೆಂಕಿ ಬಿದ್ದಾಗ ಮುಖ್ಯದ್ವಾರದ ಸುತ್ತುವ ಬಾಗಿಲು ಹೀಗೇ ನಿಂತುಹೋಯಿತು. ಬೇರೆ ಕೆಲವು ಬಾಗಿಲುಗಳಿಗೆ ಬೀಗವಿತ್ತು. ಒಟ್ಟು 492 ಜನ ಸತ್ತರು. ಸುತ್ತುವ ಬಾಗಿಲಿನ ಪಕ್ಕದಲ್ಲಿ ಸಾಮಾನ್ಯ ಬಾಗಿಲೂ ಇರಬೇಕೆಂಬ ನಿಯಮ ಬಲಗೊಂಡದ್ದು ಆ ಬಳಿಕ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ನಿರ್ಗಮನದ ಬಾಗಿಲು ಹೊರಗೆ ತೆರೆಯಬೇಕು, ಒಳಗಿನವರು ಬೀಗದಕೈ ಇಲ್ಲದೆ ತೆಗೆಯುವಂತಿರಬೇಕು ಎನ್ನುತ್ತದೆ. ಆದರೆ ಸಂಹಿತೆಯಲ್ಲಿದ್ದರೆ ಸಾಲದು. ದೆಹಲಿಯ ಉಪಹಾರ್ ಚಿತ್ರಮಂದಿರದ ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಿ ಹೊರದಾರಿಯೊಂದನ್ನು ಮುಚ್ಚಿದ್ದರು. 1997ರ ಜೂನ್ 13ರಂದು ಅಲ್ಲಿ ಹೊಗೆ ತುಂಬಿ 59 ಮಂದಿ ಪ್ರಾಣ ಕಳೆದುಕೊಂಡರು.

ಮುಂದಿನ ಸಲ ಸಿನಿಮಾಕ್ಕೋ ಮದುವೆಗೋ ಹೋದಾಗ ಕುಳಿತುಕೊಳ್ಳುವ ಮುನ್ನ ಅಪ್ಪ, ಅಮ್ಮ, ಮಕ್ಕಳು ಸೇರಿ ಮೂರು ಸಂಗತಿ ನೋಡಿಕೊಳ್ಳಿ: ಹತ್ತಿರದ ಹೊರಬಾಗಿಲು ಎಲ್ಲಿದೆ, ಅದು ಯಾವ ಕಡೆಗೆ ತೆರೆಯುತ್ತದೆ, ಅದರ ಮುಂದೆ ಕುರ್ಚಿ ಪೇರಿಸಿದ್ದಾರೆಯೇ? ಬೀಗ ಕಂಡರೆ ಅಲ್ಲಿನವರನ್ನು ಕೇಳಲು ಸಂಕೋಚ ಬೇಡ.