ನೂರು ಮೀಟರಿನ ಆಚೆಗೆ

ಬಡಾವಣೆಗೆ ಮದ್ಯದಂಗಡಿ ಬರಲಿದೆಯೆಂಬ ವಾರ್ತೆ ಹಬ್ಬಿದೊಡನೆ, ಬೆಂಗಳೂರಿನ ಯಲಹಂಕದಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ, ನಿವಾಸಿಗಳು ಮೊದಲು ಅರಸುವುದು ಅಳತೆಯ ಟೇಪನ್ನು. ಏಕೆಂದರೆ ಕರ್ನಾಟಕದ 1967ರ ಅಬಕಾರಿ ಲೈಸೆನ್ಸುಗಳ ಸಾಮಾನ್ಯ ಷರತ್ತುಗಳ ನಿಯಮಾವಳಿಯಲ್ಲಿನ ಐದನೆಯ ನಿಯಮವು ಶಾಲೆ, ದೇವಾಲಯ, ಆಸ್ಪತ್ರೆಗಳಿಂದ 100 ಮೀಟರುಗಳೊಳಗೆ ಅಂಗಡಿ ಇರಕೂಡದೆಂದು ವಿಧಿಸುತ್ತದೆಯೇ ಹೊರತು, ನೆರೆಮನೆಗಳವರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಎಲ್ಲಿಯೂ ಹೇಳುವುದಿಲ್ಲ. ಆ ಅಳತೆಯಾದರೂ ಗೋಡೆಯಿಂದ ಗೋಡೆಗೆ ನೇರವಾಗಿ ಹಿಡಿಯುವಂಥದಲ್ಲ. ಅಂಗಡಿಯ ಬಾಗಿಲಿನ ನಡುವಿನಿಂದ ಹೊರಟು, ಪಾದಚಾರಿಯು ಸಹಜವಾಗಿ ನಡೆಯುವ ಸಮೀಪದ ಹಾದಿಯನ್ನನುಸರಿಸಿ, ಶಾಲೆಯ ಗೇಟಿನ ನಡುವೆ ಮುಗಿಯುವಂಥದು. ಆದಕಾರಣ ತರಗತಿಯ ಕಿಟಕಿಗೆ ಅಂಗಡಿಯ ಫಲಕವು ಎದುರಾಗಿಯೇ ಕಾಣುತ್ತಿದ್ದರೂ, ಗೇಟು ಹಿಂದಿನ ಬೀದಿಗೆ ತೆರೆದುಕೊಂಡಿದ್ದರೆ ಕಾಯಿದೆಯ ದೃಷ್ಟಿಯಲ್ಲಿ ಅದು ದೂರದ ಅಂಗಡಿಯೇ ಸರಿ.

ಈ ದೂರದ ಪ್ರಶ್ನೆಯನ್ನು ರಾಷ್ಟ್ರದ ಪರಮೋಚ್ಚ ನ್ಯಾಯಪೀಠದವರೆಗೆ ಒಯ್ದವರಲ್ಲಿ, ರಸ್ತೆ ಅಪಘಾತದಿಂದ ಚಲನಶಕ್ತಿಯನ್ನು ಕಳೆದುಕೊಂಡ ಹರ್ಮನ್ ಸಿಂಗ್ ಸಿಧು ಅವರು ಚಂಡೀಗಢದಲ್ಲಿ ಸ್ಥಾಪಿಸಿದ ‘ಅರೈವ್ ಸೇಫ್’ ಸಂಸ್ಥೆಯು ಸ್ಮರಣೀಯವಾದುದು. ಹೆದ್ದಾರಿಗಳಿಂದ 500 ಮೀಟರುಗಳೊಳಗೆ ಮದ್ಯ ಮಾರಕೂಡದೆಂದು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಚಂಡೀಗಢದ ಆಡಳಿತವು ನಗರದೊಳಗಿನ ಹೆದ್ದಾರಿಗಳನ್ನು ಜಿಲ್ಲಾ ರಸ್ತೆಗಳೆಂದು ಮಾರ್ಪಡಿಸಿದಾಗ ಆ ಸಂಸ್ಥೆ ಅದನ್ನೂ ಪ್ರಶ್ನಿಸಿತು. ಆದರೆ ನಗರಸಭೆಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ಈ ನಿಷೇಧ ಅನ್ವಯಿಸದೆಂದು 2017ರ ಜುಲೈ 11ರಂದು ನ್ಯಾಯಾಲಯವೇ ಸ್ಪಷ್ಟಪಡಿಸಿತು. ಹೆಬ್ಬಾಳವನ್ನು ದಾಟಿ ಯಲಹಂಕಕ್ಕೆ ಸಾಗುವ ಬಳ್ಳಾರಿ ರಸ್ತೆಗೂ, ಯಶವಂತಪುರದ ತುಮಕೂರು ರಸ್ತೆಗೂ ಹೀಗೆ ವಿನಾಯಿತಿ ದೊರೆಯಿತು. ವಾಹನವು ಊರೊಳಗೆ ಬಂದ ಮಾತ್ರಕ್ಕೆ ಚಾಲಕನ ಅಮಲು ಇಳಿಯುತ್ತದೆಯೆ? ಈ ವಿನಾಯಿತಿಯನ್ನು ನಾನು ಒಪ್ಪಲಾರೆ.

ನಮ್ಮಲ್ಲಿ ಇನ್ನೊಂದು ತೊಡಕುಂಟು. ಸಿಎಲ್-2 ವರ್ಗದ ಚಿಲ್ಲರೆ ಮದ್ಯದಂಗಡಿಗಳಿಗೂ ಸಿಎಲ್-9 ವರ್ಗದ ಬಾರುಗಳಿಗೂ ಹೊಸ ಲೈಸೆನ್ಸು ಕೊಡುವುದನ್ನು ಸರ್ಕಾರ ದಶಕಗಳ ಕಾಲ ತಡೆಹಿಡಿದುದರಿಂದ, ಹಳೆಯ ಲೈಸೆನ್ಸುಗಳೇ ಕೈಯಿಂದ ಕೈಗೆ, ಬೀದಿಯಿಂದ ಬೀದಿಗೆ ವರ್ಗಾವಣೆಯಾಗುತ್ತ ಬಂದಿವೆ. ಬೇರೆಲ್ಲಿಯೋ ಹುಟ್ಟಿದ ಲೈಸೆನ್ಸು ಒಂದು ಬೆಳಗ್ಗೆ ನಮ್ಮ ಅಡ್ಡರಸ್ತೆಯ ಮಳಿಗೆಗೆ ಬಂದಿಳಿಯುತ್ತದೆ. ನಿರ್ಧಾರ ಅಬಕಾರಿ ಇಲಾಖೆಯದು; ಬೀದಿಯ ಯೋಗಕ್ಷೇಮವನ್ನು ಹೊತ್ತ ನಗರಪಾಲಿಕೆಯ ವಾರ್ಡ್ ಸಮಿತಿಗೆ ಅದರಲ್ಲಿ ಪಾತ್ರವಿಲ್ಲ. ಇದಕ್ಕೆ ಪ್ರತಿಯಾಗಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2016ರ ಜನಮತದಿಂದ ಗಾಂಜಾ ಮಾರಾಟಕ್ಕೆ ಸಮ್ಮತಿ ದೊರೆತರೂ, ತಮ್ಮ ಎಲ್ಲೆಯಲ್ಲಿ ಅಂಗಡಿ ಬೇಕೋ ಬೇಡವೋ ಎಂಬ ತೀರ್ಮಾನ ಅಲ್ಲಿನ ನಗರ, ಕೌಂಟಿಗಳದೇ ಆಗಿ ಉಳಿಯಿತು. ಅಸಮಾಧಾನಗೊಂಡ ನಿವಾಸಿಗಳ ಸಂಘಗಳು ಆ ಸ್ಥಳೀಯ ಆಡಳಿತಗಳ ಮೇಲೆಯೇ ದಾವೆ ಹೂಡುತ್ತವೆ. ಉತ್ತರ ಕೊಡಬೇಕಾದವರು ಸಮೀಪದಲ್ಲಿರುವುದೇ ನಾಗರಿಕನಿಗೆ ಮಹದುಪಕಾರ.

ಬೆಂಗಳೂರು ಉತ್ತರ ನಗರಪಾಲಿಕೆ ಈಗ ಪ್ರತ್ಯೇಕವಾಗಿ ರೂಪುಗೊಂಡಿರುವಾಗ, ಸರ್ಕಾರವು ಐದನೆಯ ನಿಯಮವನ್ನು ತಿದ್ದಿ, ಲೈಸೆನ್ಸಿನ ಸ್ಥಳಾಂತರಕ್ಕೆ ಅರ್ಜಿ ಬಂದೊಡನೆ ಮಳಿಗೆಯ ಬಾಗಿಲ ಮೇಲೆ ಕನ್ನಡದಲ್ಲಿ ಪ್ರಕಟಣೆ ಅಂಟಿಸತಕ್ಕದ್ದೆಂದೂ, ವಾರ್ಡ್ ಸಮಿತಿಯ ಬಹಿರಂಗ ಸಭೆಯಲ್ಲಿ ನಿವಾಸಿಗಳನ್ನೂ ಅರ್ಜಿದಾರನನ್ನೂ ಆಲಿಸಿದ ಮೇಲೆಯೇ ಆದೇಶ ಹೊರಡತಕ್ಕದ್ದೆಂದೂ, ತಿರಸ್ಕರಿಸಿದ ಆಕ್ಷೇಪಣೆಗೆ ಕಾರಣವನ್ನು ಲಿಖಿತವಾಗಿ ಕೊಡತಕ್ಕದ್ದೆಂದೂ ಸೇರಿಸಲಿ.